ಇಂಡೆಕ್ಸ್ ಮೊದಲೋ, ದಪ್ಪಕ್ಷರ ಮೊದಲೋ?

ಮೆಕ್ಯಾನಿಕಲ್ ಆರನೇ ಸೆಮಿಸ್ಟರಿನಲ್ಲಿ ಕಂಟಿನ್ಯುವಮ್ ಮೆಕ್ಯಾನಿಕ್ಸ್ ತೆಗೆದುಕೊಂಡೆ. ವಸ್ತುವನ್ನು ಬಿಡಿ ಕಣಗಳಾಗಿ ನೋಡದೆ ಅಖಂಡ ಅಂತಲೇ ನೋಡಿ, ಬಲ ಬಿದ್ದಾಗ ಅದರೊಳಗೆ ಏನಾಗುತ್ತದೆ ಅಂತ ಲೆಕ್ಕ ಹಾಕುವ ವಿಷಯ ಇದು. ಈ ವಿಷಯವನ್ನು ಬರೆಯುವುದಕ್ಕೆ ಎರಡು ರೂಢಿ ಇವೆ. ಒಂದರಲ್ಲಿ ಇಡೀ ಟೆನ್ಸರ್ (ಇಲ್ಲಿ ಹೆಚ್ಚಾಗಿ ಮೂರು ಸಾಲು, ಮೂರು ಕಂಬದ ಅಂಕಿಗಳ ಪಟ್ಟಿಯಾಗಿ ಬರೆಯುವಂಥದ್ದು) ಒಂದೇ ದಪ್ಪಕ್ಷರ, ಅಂದರೆ ಬೋಲ್ಡ್ ಅಕ್ಷರ. ಇನ್ನೊಂದರಲ್ಲಿ ಅಕ್ಷರದ ಬುಡಕ್ಕೆ ಐ, ಜೆ ಅಂತ ಇಂಡೆಕ್ಸ್ ಹಾಕುತ್ತಾರೆ. ಒಂದೇ ಇಂಡೆಕ್ಸ್ ಎರಡು ಸಲ ಬಂದರೆ 1ರಿಂದ 3ರವರೆಗೆ ಹಾಕಿ ಕೂಡಿಸಬೇಕು. 1916ರಲ್ಲಿ ಐನ್‌ಸ್ಟೈನ್ ತಂದ ರೂಢಿ ಇದು. ಎರಡನ್ನೂ ಒಂದೊಂದು ತಿಂಗಳು ಹಿಡಿದು ಓದಿದೆ.

ಮೊದಲು ದಪ್ಪಕ್ಷರ. ಓದುವಾಗ ಬಲು ಚಂದ. ಪೆನ್ನು ಹಿಡಿದರೆ ಕಷ್ಟ. ಕೈಯಲ್ಲಿ ದಪ್ಪಕ್ಷರ ಬರೆಯೋಕಾಗಲ್ಲ ಅಲ್ವಾ? ವೆಕ್ಟರಿಗೆ ಅಡಿಯಲ್ಲಿ ಒಂದು ಗೆರೆ, ಟೆನ್ಸರಿಗೆ ಎರಡು. ಒಂದು ಗೆರೆ ಬಿಟ್ಟುಹೋದರೆ ಲೆಕ್ಕ ಅಲ್ಲಿಗೇ ಕೆಟ್ಟಿತು. ಸ್ಟ್ರೆಸ್ ಟೆನ್ಸರ್ (ವಸ್ತುವಿನೊಳಗೆ ಒಂದು ಚದರ ಅಳತೆಗೆ ಬೀಳುವ ಬಲದ ಪಟ್ಟಿ) ಯಾಕೆ ಸಿಮೆಟ್ರಿಕ್, ಅಂದರೆ ಸಾಲು-ಕಂಬ ಅದಲುಬದಲು ಮಾಡಿದರೂ ಯಾಕೆ ಅದೇ ಇರುತ್ತದೆ ಅನ್ನೋದನ್ನು ಮೂರು ಸಲ ಓದಿದರೂ ಪುಸ್ತಕ ಮುಚ್ಚಿ ಬರೆಯಲು ಬರಲಿಲ್ಲ.

ಇಂಡೆಕ್ಸಿನಲ್ಲಿ ಅದು ಒಂದೇ ಸಂಜೆಗೆ ಕೈಗೆ ಬಂತು. ಆಂಗ್ಯುಲರ್ ಮೊಮೆಂಟಮ್ ಸಮೀಕರಣ ಬರೆದು, ಹೊಡೆದುಹೋಗುವುದನ್ನೆಲ್ಲ ಹೊಡೆದರೆ ಉಳಿಯುವುದು ಇಷ್ಟು: ಎಪ್ಸಿಲಾನ್ ಐ-ಜೆ-ಕೆ ಇಂಟು ಸಿಗ್ಮಾ ಜೆ-ಕೆ ಸೊನ್ನೆ. ಸಿಗ್ಮಾ ಅಂದರೆ ಸ್ಟ್ರೆಸ್. ಎಪ್ಸಿಲಾನ್ ಅಂದರೆ ಇಂಡೆಕ್ಸುಗಳು 1-2-3ರ ಸುತ್ತಿನ ಕ್ರಮದಲ್ಲಿದ್ದರೆ 1, ಉಲ್ಟಾ ಇದ್ದರೆ ಮೈನಸ್ 1, ಯಾವುದಾದರೂ ಎರಡು ಒಂದೇ ಆದರೆ ಸೊನ್ನೆ. ಐ ಜಾಗಕ್ಕೆ 1 ಹಾಕಿ. ಒಂಬತ್ತು ಪದಗಳಲ್ಲಿ ಏಳು ಸೊನ್ನೆ. ಮಿಕ್ಕಿದ್ದು ಸಿಗ್ಮಾ 2-3 ಮೈನಸ್ ಸಿಗ್ಮಾ 3-2. ಅಂದರೆ ಎರಡೂ ಸಮ. ಆವತ್ತು ಆದ ಖುಷಿ ಇನ್ನೂ ನೆನಪಿದೆ.

ಆದರೆ ಶುರುವಿನ ಪಾಠಗಳಲ್ಲಿ ಬರುವ ಸರಳ ಇಂಡೆಕ್ಸ್ ಸೂತ್ರಗಳು ಎಕ್ಸ್-ವೈ-ಝಡ್ ಅಕ್ಷಗಳಿಗೆ ಮಾತ್ರ. ನಾನು ಅವನ್ನೇ ದಪ್ಪ ಗೋಡೆಯ ಪೈಪಿನ ಲೆಕ್ಕಕ್ಕೂ ಹಚ್ಚಿದೆ. ರೇಡಿಯಲ್ ಸ್ಟ್ರೆಸ್ಸಿನಲ್ಲಿ (ಕೇಂದ್ರದಿಂದ ಹೊರಗಿನ ದಿಕ್ಕಿನದು) ಹೂಪ್ ಸ್ಟ್ರೆಸ್ (ಪೈಪಿನ ಸುತ್ತಿನ ದಿಕ್ಕಿನದು) ಕಳೆದು, ಕೇಂದ್ರದಿಂದ ಇರುವ ದೂರವಾದ ಆರ್‌ನಿಂದ ಭಾಗಿಸಿದ ಪದ ಬಿಟ್ಟೇ ಹೋಯಿತು. ರೇಡಿಯಲ್ ಸ್ಟ್ರೆಸ್ ಒಳಗಿಂದ ಹೊರಗಿನವರೆಗೂ ಒಂದೇ ಅಂತ ಉತ್ತರ ಬಂತು. ಒಳಗೆ ನೀರಿನ ಒತ್ತಡ ಇದೆ, ಹೊರಗೆ ಇಲ್ಲ. ಒಂದೇ ಇರೋದು ಹೇಗೆ? ದಪ್ಪಕ್ಷರದ ‘ಡೈವರ್ಜೆನ್ಸ್ ಸಿಗ್ಮಾ’ಕ್ಕೆ (ಸ್ಟ್ರೆಸ್ ಜಾಗದಿಂದ ಜಾಗಕ್ಕೆ ಹೇಗೆ ಬದಲಾಗುತ್ತದೆ ಅನ್ನುವ ಪದಕ್ಕೆ) ಈ ತೊಂದರೆ ಇಲ್ಲ, ಅದು ಯಾವ ಅಕ್ಷಕ್ಕೂ ಕಟ್ಟುಬಿದ್ದಿಲ್ಲ.

ದೊಡ್ಡ ಡಿಫಾರ್ಮೇಶನ್ನಿಗೆ, ಅಂದರೆ ಆಕಾರ ತುಂಬಾ ಬದಲಾಗುವ ಲೆಕ್ಕಕ್ಕೆ ಬಂದಾಗ ದಪ್ಪಕ್ಷರವೇ ಗೆದ್ದಿತು. ಹಳೇ ಸೈಕಲ್ ಟ್ಯೂಬ್ ಸೀಳಿ ಪಟ್ಟಿ ಮಾಡಿ, ಸೀಮೆಸುಣ್ಣದಲ್ಲಿ 1 ಸೆಂ.ಮೀ. ಚೌಕ ಎಳೆದೆ. ಉದ್ದ ಒಂದೂವರೆ ಸೆಂ.ಮೀ. ಆಗುವಷ್ಟು ಜಗ್ಗಿದಾಗ ಅಗಲ ಸುಮಾರು 8 ಮಿ.ಮೀ.ಗೆ ಇಳಿಯಿತು. ರಬ್ಬರು ಎಷ್ಟೇ ಹಿಗ್ಗಲಿ, ಅದರ ಒಟ್ಟು ಗಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಅಗಲ, ದಪ್ಪ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ ಅಂತ ಲೆಕ್ಕ ಮಾಡಿದರೂ ಅಗಲ 0.82 ಸೆಂ.ಮೀ. ಬರುತ್ತದೆ. ಜಗ್ಗಿ ಹಿಡಿದ ಹಾಗೇ ಪಟ್ಟಿಯನ್ನು ಓರೆ ಮಾಡಿದೆ. ಹಿಗ್ಗಿದ್ದು ಅಷ್ಟೇ ಇದೆ, ಮೊದಲಿನ ಆಕಾರವನ್ನು ಈಗಿನದಕ್ಕೆ ಒಯ್ಯುವ ಎಫ್ ಮ್ಯಾಟ್ರಿಕ್ಸಿನ ಅಂಕಿಗಳು ಮಾತ್ರ ಬೇರೆ. ಎಫ್ ಅಂದರೆ ಆರ್ ಇಂಟು ಯು: ಮೊದಲು ಹಿಗ್ಗಿಸು (ಯು), ಆಮೇಲೆ ತಿರುಗಿಸು (ಆರ್, ಇದು ಪೈಪಿನ ಆರ್ ಅಲ್ಲ). ಇಂಡೆಕ್ಸ್ ರಾಶಿಯೊಳಗೆ ಇದು ನನಗೆ ಕಂಡೇ ಇರಲಿಲ್ಲ.

ನನ್ನನ್ನು ಕೇಳಿದರೆ ಸ್ಟ್ರೆಸ್ ಪಾಠ ಮುಗಿಯುವವರೆಗೆ ಇಂಡೆಕ್ಸೇ ಇರಲಿ, ಅದೂ ಅಂಕಿ ಹಾಕಿ ಬಿಡಿಸುತ್ತಾ. ದಪ್ಪಕ್ಷರದ ಪುಸ್ತಕವನ್ನು ಡಿಫಾರ್ಮೇಶನ್ ಪಾಠದಿಂದ ತೆರೆಯಿರಿ. ಪೈಪಿನ ಲೆಕ್ಕ ಬಂದ ದಿನ ಎರಡೂ ಬೇಕು. ದಪ್ಪಕ್ಷರದಲ್ಲಿ ಶುರು ಮಾಡಿ, ಸಿಲಿಂಡರಿನ ಅಕ್ಷಗಳಲ್ಲಿ ಬಿಡಿಸಿ, ಆರ್‌ನಿಂದ ಭಾಗಿಸಿದ ಆ ಪದ ಬಂತಾ ಅಂತ ಒಮ್ಮೆ ನೋಡಿಕೊಳ್ಳಿ.