ಐಸ್‌ಲ್ಯಾಂಡ್‌ನಲ್ಲಿ ಚಳಿಗಾಲಕ್ಕೆ ಕಾರು ಬುಕ್ ಮಾಡುವ ಮುಂಚೆ ಇದನ್ನು ಓದಿ

ರಸ್ತೆ ಪಕ್ಕದ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಎರಡು ಅಂಕಿ ಹೊಳೆಯುತ್ತಿದ್ದವು. ಒಂದು ಮೈನಸ್ 1, ಇನ್ನೊಂದು 26. ಮೊದಲನೆಯದು ಉಷ್ಣಾಂಶ, ಎರಡನೆಯದು ಗಾಳಿ. ಕಾರಿನಲ್ಲಿದ್ದ ನಾಲ್ಕೂ ಜನ ಓದಿದೆವು. "26 ಅಲ್ವಾ ಮಾರಾಯ, ಎಂತದೂ ಆಗುದಿಲ್ಲ, ಹೋಗು" ಅಂದರು ಭಾವ. ನಾನು ಹೋದೆ.

ಆ 26 ಗಂಟೆಗೆ ಕಿಲೋಮೀಟರ್ ಲೆಕ್ಕದ್ದಲ್ಲ, ಸೆಕೆಂಡಿಗೆ ಮೀಟರ್ ಲೆಕ್ಕದ್ದು. ಐಸ್‌ಲ್ಯಾಂಡ್‌ನಲ್ಲಿ ಗಾಳಿ ಅಳೆಯೋದೇ ಹಾಗೆ. 3.6ರಿಂದ ಗುಣಿಸಿ ನೋಡಿ, ಗಂಟೆಗೆ ಸುಮಾರು 94 ಕಿ.ಮೀ. ಆಗುತ್ತದೆ. ಇಷ್ಟು ಗಾಳಿಯ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಎದ್ದರೆ ನಮ್ಮ ಹವಾಮಾನ ಇಲಾಖೆ ಅದನ್ನು 'ತೀವ್ರ ಚಂಡಮಾರುತ' ಅನ್ನುತ್ತದೆ. ಭಾವ ಕುಂದಾಪುರದವರು. ಸಮುದ್ರದ ಗಾಳಿ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿರುವವರು. ಅದೇ ಅಂಕಿಯನ್ನು ಯಾರಾದರೂ ನಮ್ಮ ಲೆಕ್ಕದಲ್ಲಿ ಹೇಳಿದ್ದರೆ ಅವರೇ ನಮ್ಮನ್ನು ಹೋಟೆಲಿನ ಬಾಗಿಲು ದಾಟಲು ಬಿಡುತ್ತಿರಲಿಲ್ಲ.

ನಾಲ್ಕೂ ಜನ ಪೂರ್ತಿ ಕ್ಷೇಮವಾಗಿ ವಾಪಸ್ ಬಂದಿದ್ದೇವೆ. ಆದರೆ ಸುಮಾರು ಎರಡು ಗಂಟೆ ಕಾಲ ಹಾಗೆ ಬರುತ್ತೇವೋ ಇಲ್ಲವೋ ಗೊತ್ತಿರಲಿಲ್ಲ. ಈ ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ ಕಾರು ಓಡಿಸುವ ಯೋಚನೆ ಇರುವವರು ದಯವಿಟ್ಟು ಪೂರ್ತಿ ಓದಿ.

ನಾವು ಪ್ಲಾನ್ ಮಾಡಿದ್ದು ಜುಲೈ ತಿಂಗಳಲ್ಲಿ, ಬೆಂಗಳೂರಿನ ಮನೆಯಲ್ಲಿ ಕೂತು, ಫೋನಿನ ಮ್ಯಾಪ್ ನೋಡಿಕೊಂಡು. ಆಫೀಸಿಗೆ ಕ್ರಿಸ್‌ಮಸ್ ರಜೆ ಇತ್ತು. ನಾನು, ನನ್ನ ಹೆಂಡತಿ, ಅಕ್ಕ, ಭಾವ. ಇಡೀ ದ್ವೀಪ ಸುತ್ತುವ ರಿಂಗ್ ರೋಡ್ ಸುಮಾರು 1,300 ಕಿ.ಮೀ. ಇದೆ. ಅದು ಜಾಸ್ತಿಯಾಯಿತು ಅಂತ ಬಿಟ್ಟು ದಕ್ಷಿಣದ ಕರಾವಳಿ ಮಾತ್ರ ಇಟ್ಟುಕೊಂಡೆವು. ರಾಜಧಾನಿ ರೇಕ್ಯಾವಿಕ್‌ನಿಂದ ವೀಕ್ ಅನ್ನುವ ಊರಿಗೆ, ಅಲ್ಲಿ ಒಂದು ರಾತ್ರಿ. ಮರುದಿನ ವೀಕ್‌ನಿಂದ ಯೋಕುಲ್‌ಸಾರ್ಲೋನ್. ಹಿಮನದಿಯಿಂದ ಒಡೆದ ದೊಡ್ಡ ದೊಡ್ಡ ಮಂಜುಗಡ್ಡೆಗಳು ತೇಲುವ ಆ ಸರೋವರ ನೋಡಬೇಕು ಅನ್ನೋದು ಅಕ್ಕನ ಬಹಳ ವರ್ಷದ ಆಸೆ. ಅಲ್ಲಿಂದಲೇ 11 ಗಂಟೆಗೆ ಮಂಜಿನ ಗುಹೆ ನೋಡುವ ಟೂರ್. ಎಲ್ಲದಕ್ಕೂ ಮುಂಗಡ ಹಣ ಕಟ್ಟಿಯಾಗಿತ್ತು. ಒಂದೂ ವಾಪಸ್ ಬರುವಂಥದ್ದಲ್ಲ, ಯಾಕಂದರೆ ಹಾಗೆ ಬುಕ್ ಮಾಡಿದರೆ ಕಡಿಮೆಯಾಗುತ್ತಿತ್ತು.

ನಮ್ಮ ದೊಡ್ಡ ತಪ್ಪು ಇದೇ. ಯಾವ ದಿನವೂ ಖಾಲಿ ಇರಲಿಲ್ಲ. ಒಂದು ದಿನ ತಪ್ಪಿದರೆ ಹಿಂದಿನ ಹೋಟೆಲ್, ಮುಂದಿನ ಹೋಟೆಲ್, ಟೂರ್, ಕೊನೆಗೆ ವಿಮಾನ ಎಲ್ಲವೂ ಸಾಲಾಗಿ ಕೈತಪ್ಪುತ್ತಿದ್ದವು. ಹಾಗಿದ್ದಾಗ ಮನಸ್ಸು ಹವಾಮಾನ ನೋಡುವುದಿಲ್ಲ, ಗಡಿಯಾರ ನೋಡುತ್ತದೆ.

ಮ್ಯಾಪ್‌ನಲ್ಲಿ ವೀಕ್‌ನಿಂದ ಯೋಕುಲ್‌ಸಾರ್ಲೋನ್‌ಗೆ ಎರಡೂವರೆ ಗಂಟೆಯೂ ತೋರಿಸುವುದಿಲ್ಲ, ದೂರ ಸುಮಾರು 190 ಕಿ.ಮೀ. ಆದರೆ ಅದು ಒಣ ರಸ್ತೆಯ ಲೆಕ್ಕ. ಡಿಸೆಂಬರ್ ಮೂರನೇ ವಾರದಲ್ಲಿ ಅಲ್ಲಿ ಸೂರ್ಯ ಕಾಣುವುದೇ 11 ಗಂಟೆ ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ಮೂರೂವರೆಗೆ. ಅಂದರೆ 11ರ ಟೂರ್‌ಗೆ ಹೋಗಬೇಕಾದರೆ ಪೂರ್ತಿ ದಾರಿ ಕತ್ತಲಲ್ಲೇ ಹೋಗಬೇಕು. ಬುಕ್ ಮಾಡುವಾಗ ಇದು ನಮಗೆ ಹೊಳೆಯಲೇ ಇಲ್ಲ.

ವೀಕ್ ತಲುಪುವ ಮುಂಚೆಯೇ ಮೊದಲ ಪೆಟ್ಟು ಬಿತ್ತು. ಸೆಲ್ಯಾಲಾಂಡ್ಸ್‌ಫಾಸ್ ಜಲಪಾತದ ಹತ್ತಿರ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿದೆ. ಜಾಗ ಸಿಕ್ಕಿದ ಕಡೆ ನಿಲ್ಲಿಸಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಲಿಲ್ಲ. ಹಿಂದಿನಿಂದ ಬೀಸುತ್ತಿತ್ತು. ಅಕ್ಕ ಹಿಂದಿನ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಳು, ಅಷ್ಟೇ. ಹಿಡಿಕೆ ಅವಳ ಕೈಯಿಂದ ಕಿತ್ತುಕೊಂಡು ಹೋಯಿತು. ತಗಡು ಮಡಚಿದ ಸದ್ದು. ಬಾಗಿಲು ತಿರುಗಬೇಕಾದ್ದಕ್ಕಿಂತ ಜಾಸ್ತಿ ತಿರುಗಿ ಮುಂದಕ್ಕೆ ಬಾಗಿ ನಿಂತಿತ್ತು, ಕೀಲಿನ ಹತ್ತಿರ ಬಣ್ಣ ಎದ್ದು ಬಂದಿತ್ತು. ನಾವಿಬ್ಬರು ಗಂಡಸರು ಭುಜ ಕೊಟ್ಟು ತಳ್ಳಿದ ಮೇಲೆ ಹೇಗೋ ಲಾಕ್ ಆಯಿತು, ಆದರೆ ಮೇಲ್ಗಡೆ ಒಂದು ಬೆರಳು ತೂರುವಷ್ಟು ಸಂದಿ ಉಳಿಯಿತು. ಆ ಸಂದಿಗೆ ಅಕ್ಕ ತನ್ನ ಶಾಲು ತುರುಕಿದಳು. ಮರುದಿನ ಬೆಳಿಗ್ಗೆ ಆ ಶಾಲು ಹೆಪ್ಪುಗಟ್ಟಿ ಸುಟ್ಟ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು.

ಅಲ್ಲಿ ಕಾರಿನ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು. ಆಗ ಗಾಳಿ ಬಾಗಿಲನ್ನು ಮುಚ್ಚುವ ಕಡೆಗೇ ಒತ್ತುತ್ತದೆ. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತೆರೆಯಬೇಕು. ಒಂದು ಬಾಗಿಲು ಮುಚ್ಚಿದ ಮೇಲೆಯೇ ಇನ್ನೊಂದು. ನಾವು ಬಾಡಿಗೆಗೆ ಕಾರು ತೆಗೆದುಕೊಂಡಾಗ ಡ್ಯಾಶ್‌ಬೋರ್ಡ್ ಮೇಲೆ ಇದೇ ಮಾತು ಬರೆದ ಸ್ಟಿಕ್ಕರ್ ಇತ್ತು. ಕೌಂಟರಿನವರು ಬಾಯಿಬಿಟ್ಟು ಒಂದು ಮಾತೂ ಹೇಳಲಿಲ್ಲ. ನಾವೂ ಸ್ಟಿಕ್ಕರ್ ಓದಲಿಲ್ಲ.

ಮರುದಿನ ಬೆಳಿಗ್ಗೆ ಏಳೂವರೆಗೆ ವೀಕ್ ಬಿಟ್ಟೆವು. ಫೋನಿನಲ್ಲಿ ತಾನಾಗಿ ಬರುವ ಹವಾಮಾನದ ಆಪ್ ನೋಡಿದ್ದೆ. ಮೈನಸ್ 1, ಒಂದು ಮೋಡದ ಚಿತ್ರ. ಇಷ್ಟೇನಾ ಚಳಿ ಅಂತ ಧೈರ್ಯ ಬಂದಿತ್ತು. ಆ ಕರಾವಳಿಯಲ್ಲಿ ಭಯಪಡಬೇಕಾದ್ದು ಮೈನಸ್ 15ಕ್ಕಲ್ಲ, ಸೊನ್ನೆಯ ಆಸುಪಾಸಿಗೆ. ಹಗಲು ಸ್ವಲ್ಪ ಕರಗುತ್ತದೆ, ಮಳೆ ಹನಿಯುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಡಾಂಬರಿನ ಮೇಲೆ ಗಾಜಿನಂಥ ಒಂದು ಪದರ, ಅದರ ಮೇಲೆ ತೆಳುವಾದ ನೀರು. ಹೆಡ್‌ಲೈಟ್ ಬೆಳಕಿಗೆ ಬರೀ ಒದ್ದೆ ರಸ್ತೆಯ ಹಾಗೆ ಕಾಣುತ್ತದೆ. ಹದಿನಾಲ್ಕು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಎಲ್ಲ ಇಳಿದಿದ್ದೇನೆ. ಆ ಅನುಭವ ಅಲ್ಲಿ ಒಂದು ಚೂರೂ ಕೆಲಸಕ್ಕೆ ಬರಲಿಲ್ಲ.

ವೀಕ್ ದಾಟಿದ ಮೇಲೆ ಬರುವುದು ಮೀರ್‌ಡಾಲ್‌ಸಾಂಡುರ್. ಕಟ್ಲಾ ಜ್ವಾಲಾಮುಖಿ ಸಿಡಿದಾಗಲೆಲ್ಲ ಹಿಮನದಿ ಕರಗಿ ಹರಿದ ಪ್ರವಾಹ ಹಾಸಿದ ಕಪ್ಪು ಮರಳಿನ ಬಯಲು. ಒಂದು ಮರ ಇಲ್ಲ, ಒಂದು ಗೋಡೆ ಇಲ್ಲ. ಗಾಳಿಗೆ ಅಡ್ಡ ಬರುವಂಥದ್ದು ನಿಮ್ಮ ಕಾರು ಮಾತ್ರ. ನಮ್ಮದು ಎತ್ತರದ ಫೋರ್ ವೀಲ್ ಡ್ರೈವ್, ಮೊಳೆ ಬಡಿದ ಚಳಿಗಾಲದ ಟೈರ್. ಅಷ್ಟಿದ್ದರೆ ಸಾಕು ಅಂದುಕೊಂಡಿದ್ದೆ. ಫೋರ್ ವೀಲ್ ಡ್ರೈವ್ ಗಾಡಿ ಹೊರಡಲು ಸಹಾಯ ಮಾಡುತ್ತದೆ, ನಿಲ್ಲಿಸಲು ಮಾಡುವುದಿಲ್ಲ. ಎತ್ತರದ ಗಾಡಿಗೆ ಗಾಳಿ ಹೊಡೆಯುವುದೂ ಜಾಸ್ತಿ.

ಹದಿನೈದು ನಿಮಿಷ ಹೋಗಿರಬಹುದು. ಸ್ಪೀಡ್ ಐವತ್ತೂ ಇರಲಿಲ್ಲ. ಎಡಗಡೆಯಿಂದ ಒಂದು ಗಾಳಿ ಬಡಿಯಿತು. ಯಾರೋ ಭುಜ ಹಿಡಿದು ತಳ್ಳಿದ ಹಾಗೆ ಇಡೀ ಕಾರು ಬಲಕ್ಕೆ ಸರಿಯಿತು. ಸ್ಟೀರಿಂಗ್ ತಿರುಗುತ್ತಿತ್ತು, ಚಕ್ರ ತಿರುಗುತ್ತಿತ್ತು, ಕಾರು ಮಾತ್ರ ತನ್ನ ಪಾಡಿಗೆ ಜಾರುತ್ತಿತ್ತು. ಆ ರಸ್ತೆ ಬಯಲಿನಿಂದ ಎತ್ತರದಲ್ಲಿದೆ, ಅಂಚಿಗೆ ತಡೆಗೋಡೆ ಇಲ್ಲ. ಹಳದಿ ಕಂಬವೊಂದನ್ನು ಮುರಿದುಕೊಂಡು ಇಳಿಜಾರಿಗೆ ಹೋದೆವು. ಬಲಕ್ಕೆ ವಾಲಿ, ಹಿಮದಲ್ಲಿ ಹೂತು ನಿಂತೆವು. ನನ್ನ ಹೆಂಡತಿ ಒಂದೇ ಮಾತು ಕೇಳಿದಳು, "ಎಲ್ಲರೂ ಸರಿಯಾಗಿದ್ದೀರಾ?"

112ಕ್ಕೆ ಫೋನ್ ಮಾಡಿದೆವು. ಅದು ಅಲ್ಲಿಯ ತುರ್ತು ಸಂಖ್ಯೆ, ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಹೊರಗೆ ಇಳಿಯಬೇಡಿ, ಸೀಟ್ ಬೆಲ್ಟ್ ಬಿಚ್ಚಬೇಡಿ, ಹಜಾರ್ಡ್ ಲೈಟ್ ಹಾಕಿ ಅಂದರು. ಹೀಟರ್‌ಗೆ ಎಂಜಿನ್ ಓಡಿಸುವುದಾದರೆ ಹಿಂದಿನ ಹೊಗೆ ಪೈಪು ಹಿಮದಲ್ಲಿ ಮುಚ್ಚಿದೆಯಾ ನೋಡಿ ಅಂದರು. ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ, ವಾಸನೆಯೂ ಬರುವುದಿಲ್ಲ. ನಮ್ಮದು ಅರ್ಧ ಮುಚ್ಚಿತ್ತು. ಭಾವ ತೆವಳಿಕೊಂಡು ಹೋಗಿ ಕೈಯಲ್ಲಿ ಬಗೆದು ಬಂದರು, ಗ್ಲೌಸ್ ಒದ್ದೆಯಾಗಿ ಬೆರಳು ಬಿಳಿಚಿಕೊಂಡಿದ್ದವು. ಅಕ್ಕ ಅವರ ಕೈಗಳನ್ನು ತನ್ನ ಸ್ವೆಟರಿನೊಳಗೆ ಇಟ್ಟುಕೊಂಡು ಕೂತಳು. ಊರಿಂದ ತಂದ ಕೋಡುಬಳೆಯ ಡಬ್ಬ ಒಂದಿತ್ತು. ಯಾರೂ ಮಾತಾಡದೆ ಅದನ್ನೇ ಒಂದೊಂದಾಗಿ ತಿಂದೆವು. ಕಾರು ಗಾಳಿಗೆ ಅಲುಗಾಡುತ್ತಲೇ ಇತ್ತು.

ಸುಮಾರು ಎರಡು ಗಂಟೆ ಆದ ಮೇಲೆ ದೊಡ್ಡ ದೊಡ್ಡ ಟೈರಿನ ಜೀಪಿನಲ್ಲಿ ಮೂರು ಜನ ಬಂದರು. ಇವರು ಪೊಲೀಸರಲ್ಲ, ಸಂಬಳದ ನೌಕರರೂ ಅಲ್ಲ. ಐಸ್‌ಲ್ಯಾಂಡ್‌ನ ರಕ್ಷಣಾ ತಂಡಗಳಲ್ಲಿ ಇರುವವರು ಸ್ವಯಂಸೇವಕರು. ಹೊಸ ವರ್ಷಕ್ಕೆ ಪಟಾಕಿ ಮಾರಿ ಬಂದ ಹಣದಲ್ಲೇ ಈ ತಂಡಗಳು ಹೆಚ್ಚಾಗಿ ನಡೆಯುತ್ತವೆ. ನಮ್ಮ ತಪ್ಪಿಗೆ, ಹಬ್ಬದ ಹಿಂದಿನ ದಿನ, ಮನೆ ಬಿಟ್ಟು ಆ ಗಾಳಿಯಲ್ಲಿ ಬಂದಿದ್ದರು. ಒಂದು ಮಾತು ಬೈಯಲಿಲ್ಲ. ನನಗೆ ಇವತ್ತಿಗೂ ಹೆಚ್ಚು ನೋವಾಗುವುದು ಅದಕ್ಕೇ. ಅವರಲ್ಲಿ ಯಾರಿಗಾದರೂ ಏನಾದರೂ ಆಗಿದ್ದರೆ?

ವಾಪಸ್ ಬರುವಾಗ ವೀಕ್ ಹತ್ತಿರ ರಸ್ತೆಗೆ ಗೇಟ್ ಹಾಕಿಯಾಗಿತ್ತು. ನಾವು ಹೊರಟಾಗ ತೆರೆದಿತ್ತು. ತೆರೆದಿದೆ ಅಂದ ಮಾತ್ರಕ್ಕೆ ಹೋಗಬಹುದು ಅಂತ ಅಲ್ಲ. ಬೆಳಿಗ್ಗೆ 9ರಿಂದ ಆ ಭಾಗಕ್ಕೆ ಕಿತ್ತಳೆ ಎಚ್ಚರಿಕೆ ಇದೆ ಅಂತ ಅಲ್ಲಿನ ಹವಾಮಾನ ಇಲಾಖೆ ಹಿಂದಿನ ರಾತ್ರಿಯೇ ಹಾಕಿತ್ತು. ಇನ್ನೊಂದು ವಿಷಯ. ಗುಹೆಯ ಟೂರಿನವರು ಬೆಳಿಗ್ಗೆ 6:10ಕ್ಕೆ ಇಮೇಲ್ ಕಳಿಸಿದ್ದರು, ಗಾಳಿಯಿಂದಾಗಿ ಟೂರ್ ರದ್ದು, ಹಣ ಪೂರ್ತಿ ವಾಪಸ್ ಅಂತ. ನಾನು ಅದನ್ನು ಓದಿದ್ದು ಮಧ್ಯಾಹ್ನ, ವೀಕ್‌ನಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನೆಲ್ಲ ಕೂರಿಸಿದ್ದ ಹಾಲ್‌ನಲ್ಲಿ ಫೋನ್ ಚಾರ್ಜ್‌ಗೆ ಹಾಕಿದ ಮೇಲೆ.

ಇನ್ನು ಹಣದ ವಿಷಯ. ಬಾಡಿಗೆಯವರ ಹತ್ತಿರ 'ಫುಲ್ ಇನ್ಶೂರೆನ್ಸ್' ಅಂತಲೇ ತೆಗೆದುಕೊಂಡಿದ್ದೆ. ಆದರೆ ಗಾಳಿಗೆ ಬಾಗಿಲು ಮುರಿದರೆ ಅದರಲ್ಲಿ ಬರುವುದಿಲ್ಲ. ಕಾರಿನ ತಳಭಾಗಕ್ಕೆ ಪೆಟ್ಟಾದರೆ ಬರುವುದಿಲ್ಲ. ಎಳೆದು ತರುವ ಖರ್ಚೂ ಇಲ್ಲ. ಎಲ್ಲ ಸೇರಿ ಸುಮಾರು 3 ಲಕ್ಷ 40 ಸಾವಿರ ರೂಪಾಯಿ ನನ್ನ ಕ್ರೆಡಿಟ್ ಕಾರ್ಡಿನಿಂದ ಹೋಯಿತು. ಷೆಂಗೆನ್ ವೀಸಾಕ್ಕೆ ನಾವು ಮಾಡಿಸುವ 30,000 ಯೂರೋ ಇನ್ಶೂರೆನ್ಸ್ ಇರುವುದು ಆಸ್ಪತ್ರೆ ಖರ್ಚಿಗೆ, ಕಾರಿಗಲ್ಲ. ಆದ್ದರಿಂದ 'ಫುಲ್' ಅನ್ನುವ ಪದ ನಂಬಬೇಡಿ. ಬಾಗಿಲು, ತಳಭಾಗ, ಮರಳು ಮತ್ತು ಬೂದಿ, ಟೋಯಿಂಗ್, ಈ ನಾಲ್ಕನ್ನು ಹೆಸರು ಹೇಳಿ ಕೇಳಿ. ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಅಲ್ಲಿ ಮರಳುಗಾಳಿ ಕಾರಿನ ಬಣ್ಣವನ್ನೇ ಉಜ್ಜಿ ತೆಗೆಯುತ್ತದೆ, ಅದಕ್ಕೇ ಬೇರೆ ಇನ್ಶೂರೆನ್ಸ್ ಇದೆ.

ನೀವು ಹೋಗಲೇಬೇಕು ಅಂದರೆ ದಿನಾ ರಾತ್ರಿ ಮತ್ತು ಬೆಳಿಗ್ಗೆ ಎರಡು ಕಡೆ ನೋಡಿ. ಗಾಳಿಗೆ ವೆದುರ್ ಡಾಟ್ ಐಎಸ್ (vedur.is), ರಸ್ತೆಗೆ ಉಮ್‌ಫೆರ್ದಿನ್ ಡಾಟ್ ಐಎಸ್ (umferdin.is) ವೆಬ್‌ಸೈಟ್. ಎರಡರಲ್ಲೂ ಇಂಗ್ಲಿಷ್ ಇದೆ. ರಸ್ತೆ ಸ್ಥಿತಿ ಕೇಳಲು 1777ಕ್ಕೆ ಫೋನೂ ಮಾಡಬಹುದು. ಗಾಳಿಯ ಅಂಕಿಯನ್ನು ಮೊದಲು 3.6ರಿಂದ ಗುಣಿಸಿ, ಆಮೇಲೆ ಯೋಚನೆ ಮಾಡಿ. ಅಲ್ಲಿನ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ ಮೀಟರ್‌ನಲ್ಲಿ, 15 ದಾಟಿದರೆ ಹಿಮದಲ್ಲಿ ಓಡಿಸಿ ಅಭ್ಯಾಸವಿಲ್ಲದ ನಮ್ಮಂಥವರು ಹೋಟೆಲಿನಲ್ಲೇ ಇರುವುದು ಒಳ್ಳೆಯದು, ಇದು ನನ್ನ ಅಭಿಪ್ರಾಯ. ಮೂರು ದಿನದ ಸುತ್ತಾಟಕ್ಕೆ ಐದು ದಿನ ಇಡಿ. ರದ್ದು ಮಾಡಬಹುದಾದ ರೂಮನ್ನೇ ತೆಗೆದುಕೊಳ್ಳಿ, ನಾಲ್ಕು ಸಾವಿರ ಜಾಸ್ತಿಯಾದರೂ ಸರಿ. ವಿಮಾನದ ಹಿಂದಿನ ರಾತ್ರಿ ರೇಕ್ಯಾವಿಕ್ ಅಥವಾ ವಿಮಾನ ನಿಲ್ದಾಣವಿರುವ ಕೆಫ್ಲಾವಿಕ್‌ನಲ್ಲೇ ಇರಿ. ಡಿಸೆಂಬರ್ 24ರ ಮಧ್ಯಾಹ್ನದ ಮೇಲೆ ಅಂಗಡಿಗಳು ಮುಚ್ಚುತ್ತವೆ, ಊಟದ ಸಾಮಾನು ಮೊದಲೇ ತಂದಿಡಿ.

ಇನ್ನೂ ಒಳ್ಳೆಯ ದಾರಿ ಅಂದರೆ ಚಳಿಗಾಲದಲ್ಲಿ ನೀವು ಓಡಿಸದಿರುವುದು. ಮೀರ್‌ಡಾಲ್‌ಸಾಂಡುರ್ ರಸ್ತೆ ಆ ದಿನ ತೆರೆಯಲೇ ಇಲ್ಲ. ಮರುದಿನ ಪಶ್ಚಿಮದ ದಾರಿ ತೆರೆದ ಮೇಲೆ ಹೇಗೋ ರೇಕ್ಯಾವಿಕ್ ಸೇರಿ, ಉಳಿದ ಎರಡು ದಿನ ಅಲ್ಲಿಂದ ಹೊರಡುವ ಸಣ್ಣ ಬಸ್ಸಿನ ಟೂರ್‌ಗಳಲ್ಲಿ ಹೋದೆವು. ಒಂದು ದಿನ ಡ್ರೈವರ್ ಅರ್ಧ ದಾರಿಯಲ್ಲಿ ರೇಡಿಯೋದಲ್ಲಿ ಏನೋ ಕೇಳಿ, ಇವತ್ತು ಮುಂದೆ ಹೋಗುವುದಿಲ್ಲ ಅಂತ ಹೇಳಿ ಬಸ್ಸು ತಿರುಗಿಸಿದರು. ಮೂವತ್ತು ವರ್ಷದಿಂದ ಅದೇ ರಸ್ತೆಯಲ್ಲಿ ಓಡಿಸುತ್ತಿರುವವರಂತೆ. ಕಿಟಕಿಯಿಂದ ನೋಡಿದರೆ ಗಾಳಿ ಅಂಥದ್ದೇನೂ ಕಾಣುತ್ತಿರಲಿಲ್ಲ. ಬಸ್ಸಿನಲ್ಲಿ ಒಬ್ಬರೂ ಯಾಕೆ ಅಂತ ಕೇಳಲಿಲ್ಲ. ಅಕ್ಕ ಮಾತ್ರ ಎದ್ದು ಹೋಗಿ ಅವರಿಗೆ ಥ್ಯಾಂಕ್ಸ್ ಹೇಳಿ ಬಂದಳು.