ನಳಿಗೆ ಸವೆದಿದೆಯೇ? ಟೆಸ್ಲಾಂಗ್ ಬೋರ್‌ಸ್ಕೋಪ್ ಹೇಳುವುದೆಷ್ಟು, ಹೇಳದಿರುವುದೆಷ್ಟು

ಟೆಸ್ಲಾಂಗ್ ಕಂಪನಿಯ ರೈಫಲ್ ಬೋರ್‌ಸ್ಕೋಪ್, ಅಂದರೆ ನಳಿಗೆಯ ಒಳಗನ್ನು ತೋರಿಸುವ ಕ್ಯಾಮೆರಾ, ಕೊಳ್ಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಇರುತ್ತದೆ: ನನ್ನ ರೈಫಲ್ಲಿನ ನಳಿಗೆ ಸವೆದಿದೆಯೇ, ಬದಲಾಯಿಸುವ ಕಾಲ ಬಂತೇ? ಆ ಪ್ರಶ್ನೆಗೆ ಈ ಉಪಕರಣ ನೇರ ಉತ್ತರ ಕೊಡುವುದಿಲ್ಲವೆಂದು ಮೊದಲಿಗೇ ಹೇಳಿಬಿಡುತ್ತೇನೆ. ಹಾಗಿದ್ದರೂ ಕೊಳ್ಳಿರೆಂದೇ ನನ್ನ ಸಲಹೆ. ಏಕೆಂದರೆ ಸವೆದುಹೋಯಿತೆಂದು ನಾವು ಕೈಬಿಡಲು ಹೊರಟ ನಳಿಗೆಯಲ್ಲಿ ನಿಜವಾಗಿ ಇರುವುದು ಕೊಳೆ ಮಾತ್ರ ಎಂಬುದನ್ನು ಕಣ್ಣಾರೆ ತೋರಿಸುವ ಕೆಲಸದಲ್ಲಿ, ಈ ಬೆಲೆಗೆ ಇದನ್ನು ಮೀರಿಸುವ ಇನ್ನೊಂದು ಸಾಧನ ನನಗೆ ಕಂಡಿಲ್ಲ. ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲೆಸಿ, ವಾರಾಂತ್ಯಗಳಲ್ಲಿ 600 ಗಜದ ಗುರಿ ಸ್ಪರ್ಧೆಗಳಿಗೆ ಹೋಗುವ ನನ್ನ ಬಳಿ ಇರುವುದು ಒಂದು .308 ವಿಂಚೆಸ್ಟರ್ ಮತ್ತು ಒಂದು 6.5 ಕ್ರೀಡ್‌ಮೂರ್ (ರೈಫಲ್‌ಗಳಿಗೆ ಅವುಗಳ ತೋಟಾದಿಂದ ಬಂದ ಹೆಸರುಗಳಿವು). ಅವೆರಡರ ನಳಿಗೆಗಳನ್ನೂ ಕ್ಲಬ್ಬಿನ ಗೆಳೆಯರ ಕೆಲವು ರೈಫಲ್‌ಗಳನ್ನೂ ಇಣುಕಿ ನೋಡಿದ ಅನುಭವದ ಮೇಲೆ ಈ ವಿಮರ್ಶೆ ನಿಂತಿದೆ.

ಉಪಕರಣ ಸರಳವಾದದ್ದು. ಸುಮಾರು 26 ಇಂಚು ಉದ್ದದ ಗಟ್ಟಿ ಲೋಹದ ಕಡ್ಡಿ, ಅದರ ತುದಿಯಲ್ಲಿ 0.2 ಇಂಚು, ಅಂದರೆ 5 ಮಿಲಿಮೀಟರ್ ದಪ್ಪದ ಪುಟ್ಟ ಕ್ಯಾಮೆರಾ, ಅದರ ಸುತ್ತ ಎಲ್‌ಇಡಿ ಬೆಳಕು, ಮುಂದೆ ತಿರುಗಿಸಿ ಕೂರಿಸುವ ಓರೆಗನ್ನಡಿ. ಕನ್ನಡಿ ಇದ್ದಾಗ ನಳಿಗೆಯ ಒಳಗೋಡೆ ಕಾಣುತ್ತದೆ, ತೆಗೆದರೆ ಮುಂದಿನ ದಾರಿ ಕಾಣುತ್ತದೆ. ಯುಎಸ್‌ಬಿ ತಂತಿಯ ಮಾದರಿಯನ್ನು ಲ್ಯಾಪ್‌ಟಾಪಿಗೋ ಆಂಡ್ರಾಯ್ಡ್ ಫೋನಿಗೋ ಜೋಡಿಸಬಹುದು, ಬೆಲೆ ನೂರು ಡಾಲರಿನ ಆಸುಪಾಸು. ತನ್ನದೇ ಪರದೆಯಿರುವ ಮಾದರಿಗೆ ಇನ್ನಷ್ಟು ಕೊಡಬೇಕಾಗುತ್ತದೆ. ಇದಕ್ಕೆ ಮುಂಚೆ ನಳಿಗೆಯೊಳಗೆ ನೋಡಬೇಕೆಂದರೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ಗ್ರೇಡಿಯಂಟ್ ಲೆನ್ಸ್ ಕಂಪನಿಯ ಹಾಕ್‌ಐ ಸ್ಕೋಪ್ ಇಟ್ಟುಕೊಂಡ ಗನ್‌ಸ್ಮಿತ್‌ನ (ಬಂದೂಕು ರಿಪೇರಿಗಾರನ) ಬಳಿಗೇ ಹೋಗಬೇಕಿತ್ತು. ಚಿತ್ರದ ಸ್ಪಷ್ಟತೆಯಲ್ಲಿ ಹಾಕ್‌ಐ ಇಂದಿಗೂ ಒಂದು ಕೈ ಮೇಲೆ, ಬೆಲೆಯಲ್ಲಿಯೂ ಹಾಗೆಯೇ. ಹವ್ಯಾಸಿಗೆ ಬೇಕಾದಷ್ಟು ಟೆಸ್ಲಾಂಗಿನಲ್ಲಿ ಧಾರಾಳವಾಗಿ ಕಾಣುತ್ತದೆ.

ನೋಡಬೇಕಾದ ಜಾಗ ಯಾವುದೆಂದು ತಿಳಿದಿರುವುದು ಮುಖ್ಯ. ಹೊಸಬರು ಕಡ್ಡಿಯನ್ನು ನಳಿಗೆಯ ಬಾಯಿಯಿಂದ ತೂರಿಸಿ ಉದ್ದಕ್ಕೂ ಎಳೆದಾಡುತ್ತಾರೆ. ಸವೆತ ಶುರುವಾಗುವುದು ಮಾತ್ರ ಇನ್ನೊಂದು ತುದಿಯಲ್ಲಿ, ತೋಟಾ ಕೂರುವ ಚೇಂಬರಿನ ಮುಂದೆ, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು (ರೈಫ್ಲಿಂಗ್) ಆರಂಭವಾಗುವ ಥ್ರೋಟ್ ಎಂಬ ಭಾಗದಲ್ಲಿ. ಮದ್ದು ಉರಿದ ಬಿಸಿ ಅನಿಲ ಅತ್ಯಂತ ಹೆಚ್ಚು ಒತ್ತಡದಲ್ಲಿ ಉಕ್ಕಿಗೆ ತಾಗುವುದು ಅಲ್ಲಿಯೇ. ನನ್ನ ಎರಡು ರೈಫಲ್‌ಗಳ ಹೋಲಿಕೆಯೇ ಇದನ್ನು ಚೆನ್ನಾಗಿ ವಿವರಿಸುತ್ತದೆ. ಎರಡರ ಗರಿಷ್ಠ ಒತ್ತಡದ ಮಿತಿಯೂ ಚದರ ಇಂಚಿಗೆ 62,000 ಪೌಂಡ್ (ಪಿ.ಎಸ್.ಐ.); ಎರಡರ ತೋಟಾದಲ್ಲಿಯೂ ಮದ್ದು ನಲವತ್ತು ಗ್ರೇನ್‌ಗಿಂತ (ಮದ್ದಿನ ತೂಕದ ಅಳತೆ) ತುಸು ಹೆಚ್ಚು. ಆದರೆ 0.308 ಇಂಚಿನ ಗುಂಡು ಹಾಯುವ ರಂಧ್ರಕ್ಕಿಂತ 0.264 ಇಂಚಿನ ಗುಂಡು ಹಾಯುವ ರಂಧ್ರದ ವಿಸ್ತೀರ್ಣ ಸುಮಾರು ಕಾಲು ಭಾಗ ಕಡಿಮೆ. ಅಷ್ಟೇ ಬೆಂಕಿ ಅದಕ್ಕಿಂತ ಕಿರಿದಾದ ದಾರಿಯಲ್ಲಿ ಹೋಗಬೇಕಾದಾಗ ದಾರಿ ಬೇಗ ಸವೆಯುತ್ತದೆ. ಸ್ಪರ್ಧಾಳುಗಳು .308ರ ನಳಿಗೆಯಿಂದ ನಾಲ್ಕೈದು ಸಾವಿರ ಗುಂಡುಗಳನ್ನು ನಿರೀಕ್ಷಿಸಿದರೆ 6.5 ಕ್ರೀಡ್‌ಮೂರ್‌ನಿಂದ ಎರಡರಿಂದ ಮೂರು ಸಾವಿರಕ್ಕೆ ತೃಪ್ತರಾಗುತ್ತಾರೆ. ನಳಿಗೆ ಬಿಸಿಯಾಗಿರುವಾಗಲೇ ಬಿಡುವಿಲ್ಲದೆ ಹಾರಿಸುವವರಿಗೆ ಅದೂ ದಕ್ಕುವುದಿಲ್ಲ.

ಈಗ ಉಪಕರಣದ ನಿಜವಾದ ಉಪಯೋಗಕ್ಕೆ ಬರೋಣ. ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರ ಕ್ರೀಡ್‌ಮೂರ್, 100 ಗಜದಲ್ಲಿ ಅರ್ಧ ಇಂಚಿನ ಗ್ರೂಪ್ (ಸಾಲಾಗಿ ಹಾರಿಸಿದ ಗುಂಡುಗಳ ಹರಹು) ಕೊಡುತ್ತಿದ್ದದ್ದು, ಕ್ರಮೇಣ ಒಂದೂಕಾಲು ಇಂಚಿಗೆ ಹರಡತೊಡಗಿತ್ತು. ಅದರ ಜೊತೆಗೆ ಚೇಂಬರನ್ನು ಮುಚ್ಚುವ ಬೋಲ್ಟ್ ಎತ್ತುವುದು ಬಿಗಿಯಾಗಿತ್ತು, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫಿನಲ್ಲಿ ವೇಗ ಒಂದು ಗುಂಡಿನಿಂದ ಇನ್ನೊಂದಕ್ಕೆ ಏರುಪೇರಾಗುತ್ತಿತ್ತು. ಅವರು ಹೊಸ ನಳಿಗೆಗೆ ಆರ್ಡರ್ ಕೊಡಲು ಸಿದ್ಧರಾಗಿದ್ದರು. ಚೇಂಬರಿನ ಕಡೆಯಿಂದ ಸ್ಕೋಪ್ ಹಾಕಿ ನೋಡಿದಾಗ, ತೋಟಾದ ಬಾಯಿ ಮುಗಿದು ಥ್ರೋಟ್ ಶುರುವಾಗುವ ಅಂಚಿನಲ್ಲಿ ಕಪ್ಪು ಗಾಜಿನಂತೆ ಹೊಳೆಯುವ ಒಂದು ಪಟ್ಟಿ ಸುತ್ತಲೂ ಕೂತಿರುವುದು ಕಂಡಿತು. ಕಾರ್ಬನ್ ರಿಂಗ್ ಎಂದು ಕರೆಯುವುದು ಇದನ್ನೇ. ಗಟ್ಟಿಯಾದ ಈ ಮಸಿ ತೋಟಾದ ಕತ್ತನ್ನು ಹಿಡಿದು, ಗುಂಡು ಸರಾಗವಾಗಿ ಬಿಟ್ಟುಕೊಳ್ಳದಂತೆ ಮಾಡಿ, ಒತ್ತಡವನ್ನು ಏರಿಸುತ್ತದೆ. ಕಾರ್ಬನ್ ಕರಗಿಸುವ ದ್ರಾವಣದಲ್ಲಿ ನೆನೆಸಿಟ್ಟು, ಕಂಚಿನ ಬ್ರಷ್ಷಿನಿಂದ ಉಜ್ಜಿ, ಕೊನೆಗೆ ಬಟ್ಟೆಯ ತುಂಡಿಗೆ ನಳಿಗೆ ಉಜ್ಜುವ ಜೆ-ಬಿ ಪೇಸ್ಟ್ ಹಚ್ಚಿ ಆ ಒಂದಂಗುಲವನ್ನಷ್ಟೇ ತಿಕ್ಕಿದ ಮೇಲೆ ಪಟ್ಟಿ ಕರಗಿ ಬೂದು ಬಣ್ಣದ ಉಕ್ಕು ಕಂಡಿತು. ಬೋಲ್ಟೂ ಸಡಿಲವಾಯಿತು, ಗ್ರೂಪೂ ಕುಗ್ಗಿತು. ಒಂದೇ ಬಾರಿಗೆ ಹೋಗದ ಮಸಿಯನ್ನು ಹೋಗಿದೆಯೆಂದು ನಂಬಿ ಬಿಟ್ಟುಬಿಡುವುದು ಎಲ್ಲರಿಗೂ ಸಹಜ. ಪ್ರತಿ ಸಲ ಉಜ್ಜಿದ ಮೇಲೂ ಇಣುಕಿ ನೋಡುವ ಅವಕಾಶವಿಲ್ಲದಿದ್ದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಇನ್ನು ಉಪಕರಣದ ಅಪಾಯ, ಅದು ಈ ಬಗೆಯ ಎಲ್ಲ ಸ್ಕೋಪ್‌ಗಳಿಗೂ ಸಮಾನವಾದದ್ದು. ಬಹಳ ಹತ್ತಿರದಿಂದ, ಬಹಳ ದೊಡ್ಡದಾಗಿ ತೋರಿಸುವುದರಿಂದ ಎಲ್ಲ ನಳಿಗೆಗಳೂ ಭಯಾನಕವಾಗಿ ಕಾಣುತ್ತವೆ. ಕಾರ್ಖಾನೆಯಿಂದ ಹೊಸದಾಗಿ ಬಂದ ನಳಿಗೆಯಲ್ಲಿಯೂ ಉಳಿ ಓಡಿದ ಅಡ್ಡಗೆರೆಗಳು, ಒರಟು ಅಂಚುಗಳು ಕಂಡು, ಕೊಂಡವರು ಹಿಂತಿರುಗಿಸಲು ಹೊರಡುವುದುಂಟು. ಸಾವಿರ ಗುಂಡು ದಾಟಿದ ಥ್ರೋಟಿನ ಚಿತ್ರವಂತೂ ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದ ಮಣ್ಣಿನಂತೆ ಬಿರುಕು ಬಿರುಕಾಗಿರುತ್ತದೆ. ಮತ್ತೆ ಮತ್ತೆ ಕಾದು ತಣಿಯುವ ಉಕ್ಕಿನ ಮೇಲ್ಪದರ ಗಡುಸಾಗಿ ಸೀಳುವುದರಿಂದ ಹೀಗಾಗುತ್ತದೆ. ಈ ಬಿರುಕುಗಳಿರುವ ನಳಿಗೆಗಳು ವರ್ಷಗಟ್ಟಲೆ ಚೆನ್ನಾಗಿ ಗುರಿ ಮುಟ್ಟುತ್ತವೆ. ನನ್ನ .308ರ ಥ್ರೋಟ್ ಇಂದು ನೋಡಲು ತೀರಾ ವಿಕಾರವಾಗಿದೆ, ಗುರಿಹಲಗೆಯ ಮೇಲೆ ಅದರ ಕೆಲಸದಲ್ಲಿ ನನಗೆ ಯಾವ ದೂರೂ ಇಲ್ಲ. ಚಿಂತಿಸಬೇಕಾದದ್ದು ಲ್ಯಾಂಡ್‌ಗಳ (ರೈಫ್ಲಿಂಗಿನ ಉಬ್ಬು ಏಣುಗಳ) ಆರಂಭದ ಅಂಚು ಮೊಂಡಾಗಿ ಬಾಯಿಯ ಕಡೆಗೆ ಸರಿದಾಗ, ಬಿರುಕುಗಳ ನಡುವಿನ ಉಕ್ಕು ಚಕ್ಕೆಯೇಳತೊಡಗಿದಾಗ, ಅಲ್ಲಿ ತಾಮ್ರ ಪದೇ ಪದೇ ಮೆತ್ತಿಕೊಂಡು ಸ್ವಚ್ಛಗೊಳಿಸಿದ ಕೆಲವೇ ಗುಂಡುಗಳಿಗೆ ನಿಖರತೆ ಕುಸಿಯತೊಡಗಿದಾಗ.

ಹಾಗಾದರೆ ತೀರ್ಪು ಕೊಡುವುದು ಯಾವುದು? ಮೊದಲು ಗುರಿಹಲಗೆ. ನಂಬಿಕೆಯ ಒಂದೇ ಲಾಟಿನ ಮದ್ದುಗುಂಡಿನಲ್ಲಿ, ಸ್ವಚ್ಛಗೊಳಿಸಿದ ನಳಿಗೆಯಲ್ಲಿ, ಹಲವು ಗ್ರೂಪ್‌ಗಳನ್ನು ಹಾರಿಸಿ ನೋಡಬೇಕು. ಒಂದು ಕೆಟ್ಟ ಗ್ರೂಪ್ ಏನನ್ನೂ ಸಾಬೀತು ಮಾಡುವುದಿಲ್ಲ. ನಳಿಗೆಯನ್ನು ದೂರುವ ಮುನ್ನ ರೈಫಲ್ಲನ್ನು ಹಿಡಿಗೆ ಬಿಗಿಯುವ ಆಕ್ಷನ್ ಸ್ಕ್ರೂಗಳನ್ನೂ ಗುರಿ ನೋಡುವ ದೂರದರ್ಶಕದ ಮೌಂಟನ್ನೂ ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಬೇಕು, ಏಕೆಂದರೆ ಸಡಿಲವಾದ ಸ್ಕ್ರೂವಿನ ಲಕ್ಷಣವೂ ಸವೆದ ನಳಿಗೆಯ ಲಕ್ಷಣವೂ ಒಂದೇ ತೆರನಾಗಿರುತ್ತವೆ. ನಳಿಗೆಯ ಬಾಯಿಯ ಕೊನೆಯ ಅಂಚಾದ ಕ್ರೌನಿನ ಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಸುತ್ತಲೂ ಎಳೆದಾಗ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳು ಎದ್ದಿದೆಯೆಂದರ್ಥ. ಗನ್‌ಸ್ಮಿತ್ ಕ್ರೌನನ್ನು ಮತ್ತೆ ಕಡೆದುಕೊಟ್ಟರೆ ಸಾಕಾಗುತ್ತದೆ, ನಳಿಗೆ ಬದಲಾಯಿಸಬೇಕಿಲ್ಲ.

ಎರಡನೆಯದು ಥ್ರೋಟಿನ ಅಳತೆ. ಹಾರ್ನಡಿ ಕಂಪನಿಯ ಒ.ಎ.ಎಲ್. (ತೋಟಾದ ಒಟ್ಟು ಉದ್ದ ಅಳೆಯುವ) ಗೇಜ್ ಈ ಕೆಲಸಕ್ಕೆ ಬೋರ್‌ಸ್ಕೋಪಿಗಿಂತ ಪ್ರಾಮಾಣಿಕವಾದ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ. ಹಿಂಬದಿಗೆ ತಿರುಪು ಕೊರೆದ ಖಾಲಿ ತೋಟಾದಲ್ಲಿ ಗುಂಡನ್ನಿಟ್ಟು, ಅದು ಲ್ಯಾಂಡ್‌ಗಳಿಗೆ ತಾಗುವವರೆಗೆ ಮೆಲ್ಲಗೆ ತಳ್ಳಿ, ಹೊರತೆಗೆದು ಕ್ಯಾಲಿಪರಿನಲ್ಲಿ ಅಳೆಯುವುದು, ಅಷ್ಟೇ. ನಳಿಗೆ ಹೊಸದಿದ್ದಾಗಲೇ ಅಳೆದು ಬರೆದಿಟ್ಟು, ಅಳೆದ ಆ ಗುಂಡನ್ನೇ ಪುಟ್ಟ ಡಬ್ಬಿಯಲ್ಲಿ ಜೋಪಾನವಾಗಿಟ್ಟರೆ, ಮುಂದಿನ ಪ್ರತಿ ಅಳತೆಯೂ ಸವೆತವನ್ನು ಸಾವಿರಾಂಶ ಇಂಚಿನ ಲೆಕ್ಕದಲ್ಲಿ ಹೇಳುತ್ತದೆ. ನನ್ನ ಕ್ರೀಡ್‌ಮೂರ್‌ನಲ್ಲಿ ಲ್ಯಾಂಡ್‌ಗಳು 0.060 ಇಂಚಿನಷ್ಟು ಮುಂದಕ್ಕೆ ಸರಿದಿವೆ. ಅವುಗಳನ್ನು ಬೆನ್ನಟ್ಟಿ ಗುಂಡನ್ನು ಹೊರಕ್ಕೆ ಕೂರಿಸುತ್ತ ಹೋದರೆ ತೋಟಾ ಒಂದು ದಿನ ಮ್ಯಾಗಜೀನಿನಲ್ಲಿ ಹಿಡಿಸದಷ್ಟು ಉದ್ದವಾಗುತ್ತದೆ. ಮೂರನೆಯದು ವೇಗ: ಅದೇ ಮದ್ದಿಗೆ ಹೊಸ ನಳಿಗೆ ಮೊದಲ ನೂರಿನ್ನೂರು ಗುಂಡುಗಳಲ್ಲಿ ವೇಗವನ್ನು ತುಸು ಏರಿಸಿಕೊಂಡು, ಬಹುಕಾಲ ಅಲ್ಲಿಯೇ ನಿಂತು, ಆಯುಷ್ಯದ ಕೊನೆಯಲ್ಲಿ ಇಳಿಯತೊಡಗುತ್ತದೆ. ಈ ಮೂರೂ ಒಟ್ಟಿಗೆ ಒಂದೇ ಮಾತನ್ನು ಹೇಳಿದಾಗ ಅನುಮಾನಕ್ಕೆ ಎಡೆಯಿರುವುದಿಲ್ಲ.

ಅಳತೆಯ ಪರಂಪರೆ ಹಳೆಯದೇ. ಎರಡನೇ ಮಹಾಯುದ್ಧದ ಎಂ1 ಗ್ಯಾರಂಡ್ ರೈಫಲ್‌ಗಳನ್ನು ಅಮೆರಿಕದ ನಾಗರಿಕರಿಗೆ ಮಾರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ, ಥ್ರೋಟಿಗೊಂದು ಮತ್ತು ಬಾಯಿಗೊಂದು ಗೇಜ್ ಹಾಕಿ, ಅದರ ಅಂಕಿಗಳನ್ನೂ ಗಮನಿಸಿ ರೈಫಲ್ಲಿನ ದರ್ಜೆ ತೀರ್ಮಾನಿಸುತ್ತದೆ. ಅಂಕಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಬಾಯಿಗೂ ಗೇಜ್ ಬೇಕಾದದ್ದಕ್ಕೆ ಕಾರಣ, ಗ್ಯಾರಂಡಿನ ಹಿಂಬದಿ ಮುಚ್ಚಿರುವುದರಿಂದ ಸೈನಿಕರು ಅದನ್ನು ಬಾಯಿಯ ಕಡೆಯಿಂದಲೇ ಸ್ವಚ್ಛಗೊಳಿಸಬೇಕಾಗಿತ್ತು ಮತ್ತು ಉಕ್ಕಿನ ಕಡ್ಡಿ ಅಲ್ಲಿನ ರೈಫ್ಲಿಂಗನ್ನು ತಿಂದುಹಾಕುತ್ತಿತ್ತು. ಗುಂಡಿಗಿಂತ ಹೆಚ್ಚಾಗಿ ಕಡ್ಡಿಯಿಂದಲೇ ಹಾಳಾದ ನಳಿಗೆಗಳು ಇಂದಿಗೂ ಕಡಿಮೆಯಿಲ್ಲ.

ಊರಿನ ಕಡೆ, ಕೊಡಗಿನಲ್ಲಿರುವ ಪರಿಚಯದವರೊಬ್ಬರು ತಮಗೂ ಇದು ಬೇಕೇ ಎಂದು ಕೇಳಿದ್ದರು. ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುರಿಯಿಡುವ .22 ರೈಫಲ್ಲಿನ ಮಟ್ಟಿಗೆ ಥ್ರೋಟ್ ಸವೆತದ ಚಿಂತೆ ಅನಗತ್ಯ. ಅದರ ಒತ್ತಡ 24,000 ಪಿ.ಎಸ್.ಐ. ದಾಟುವುದಿಲ್ಲ, ಗುಂಡು ಮೆದುವಾದ ಸೀಸ, ಮದ್ದು ಚಿಟಿಕೆಯಷ್ಟು. ಆಗಾಗ ಮಾತ್ರ ಹೊರಬರುವ ಅಂಥ ರೈಫಲ್ಲಿನ ನಳಿಗೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. 12 ಬೋರ್ ಕೋವಿಯಲ್ಲಿ ರೈಫ್ಲಿಂಗೇ ಇರುವುದಿಲ್ಲ. ಅಲ್ಲಿಯ ಶತ್ರು ಮಳೆಗಾಲ. ತಿಂಗಳುಗಟ್ಟಲೆ ತೇವದಲ್ಲಿ ಎಣ್ಣೆ ಕಾಣದೆ ಕೂತ ನಳಿಗೆಯಲ್ಲಿ ತುಕ್ಕು ಕೊರೆದ ಗುಳಿಗಳಿವೆಯೇ ಎಂದು .22ರಲ್ಲಿ ನೋಡಲು ಈ ಸ್ಕೋಪ್ ಖಂಡಿತ ನೆರವಾಗುತ್ತದೆ, ಆದರೆ ಅದೊಂದಕ್ಕಾಗಿ ಒಬ್ಬೊಬ್ಬರೂ ಕೊಳ್ಳುವ ಬದಲು ಊರಿಗೊಂದು ಇದ್ದರೆ ಸಾಕು.

ಬಳಕೆಯ ವಿಷಯದಲ್ಲಿ ಕೆಲವು ಮಾತುಗಳು. ರೈಫಲ್ ಖಾಲಿಯೆಂದು ಖಚಿತಪಡಿಸಿಕೊಂಡು, ಬೋಲ್ಟ್ ತೆಗೆದಿಟ್ಟ ಮೇಲೆಯೇ ಸ್ಕೋಪ್ ಕೈಗೆತ್ತಿಕೊಳ್ಳಬೇಕು. ದ್ರಾವಣ ಆರದ ನಳಿಗೆಗೆ ಹಾಕಿದರೆ ಕನ್ನಡಿ ಮಬ್ಬಾಗುತ್ತದೆ. ಕಡ್ಡಿಗೆ ಒಂದು ತುಂಡು ಟೇಪ್ ಸುತ್ತಿ ಗುರುತು ಮಾಡಿಕೊಂಡರೆ ಪ್ರತಿ ಬಾರಿಯೂ ಥ್ರೋಟಿನ ಅದೇ ಜಾಗಕ್ಕೆ ಕ್ಯಾಮೆರಾ ನಿಲ್ಲುತ್ತದೆ. ಫೋಟೋ ತೆಗೆದು ಗುಂಡಿನ ಲೆಕ್ಕದೊಂದಿಗೆ ಹೆಸರಿಟ್ಟು ಉಳಿಸಿದರೆ, ಒಂಟಿ ಚಿತ್ರ ಹೆದರಿಸುವ ಕಡೆ ಚಿತ್ರಗಳ ಸಾಲು ವಿವರಿಸುತ್ತದೆ. ಹೀಗೆ ದಾಖಲೆ ಇಡುವ ತಾಳ್ಮೆಯಿಲ್ಲದವರು ಈ ಹಣವನ್ನು ಒಳ್ಳೆಯ ಕ್ಲೀನಿಂಗ್ ರಾಡ್ ಮತ್ತು ಅದನ್ನು ನೇರವಾಗಿ ನಡೆಸುವ ಬೋರ್ ಗೈಡಿಗೆ ಹಾಕುವುದು ಮೇಲು.

ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸುವವರಿಗೆ ಮಾತ್ರ ಲೆಕ್ಕ ಬೇರೆ. ವಿಸ್ಕಾನ್ಸಿನ್‌ನ ಕ್ರೀಗರ್ ಅಥವಾ ಬಾರ್ಟ್‌ಲೈನ್ ನಳಿಗೆ ತರಿಸಿ, ಚೇಂಬರ್ ಕೊರೆಸಿ, ಜೋಡಿಸಿ ಮುಗಿಸುವ ಹೊತ್ತಿಗೆ ಏಳೆಂಟು ನೂರು ಡಾಲರ್ ಖರ್ಚಾಗುತ್ತದೆ, ತಿಂಗಳುಗಟ್ಟಲೆ ಕಾಯಬೇಕಾಗಿಯೂ ಬರುತ್ತದೆ. ಉದ್ದ ಸಾಕಷ್ಟಿದ್ದರೆ ಹಿಂಬದಿಯಿಂದ ಒಂದಿಂಚಿನಷ್ಟು ಕತ್ತರಿಸಿ ಚೇಂಬರನ್ನು ಮತ್ತೆ ಕೊರೆಸಿ ಹಳೆಯ ನಳಿಗೆಗೆ ಇನ್ನಷ್ಟು ಆಯುಷ್ಯ ಕೊಡುವುದೂ ಸಾಧ್ಯ, ಆದರೆ ಬಿರುಕುಗಳು ಕತ್ತರಿಸುವ ಭಾಗವನ್ನು ದಾಟಿ ಎಷ್ಟು ದೂರ ಹಬ್ಬಿವೆಯೆಂದು ಮೊದಲು ತಿಳಿಯಬೇಕು, ಮತ್ತು ಅದನ್ನು ತೋರಿಸುವುದು ಇದೇ ಬೋರ್‌ಸ್ಕೋಪ್. ನಾನಂತೂ ಕ್ರೀಡ್‌ಮೂರ್‌ನ ಥ್ರೋಟ್ ಅಳತೆಯನ್ನು ನೋಡಿ, ಗ್ರೂಪ್‌ಗಳು ಇನ್ನೂ ಚೆನ್ನಾಗಿರುವಾಗಲೇ, ಮುಂದಿನ ನಳಿಗೆಗೆ ಆರ್ಡರ್ ಕೊಟ್ಟಿದ್ದೇನೆ. ಅದು ಬರುವವರೆಗೆ ಹಳೆಯದರಲ್ಲಿ ಅಭ್ಯಾಸ ಸಾಗಿದೆ.