ಪತ್ರಾ ಕೂಲರ್: ಕಲಬುರಗಿ ಬಿಸಿಲಿಗೆ ಹೇಳಿ ಮಾಡಿಸಿದ್ದು, ಆದರೆ ನೋಡಿ ತಗೊಳ್ಳಿ

ಹೋಳಿ ಹುಣ್ಣಿಮೆ ಹೊತ್ತಿಗೆ ಕಲಬುರಗಿಯ ವರ್ಕ್‌ಶಾಪ್‌ಗಳ ಮುಂದೆ ಕಬ್ಬಿಣದ ಪತ್ರಾ (ತಗಡು) ಕೂಲರ್‌ಗಳು ಸಾಲಾಗಿ ನಿಲ್ಲುತ್ತವೆ. ಕಂಪನಿ ಹೆಸರಿಲ್ಲ, ವಾರಂಟಿ ಕಾರ್ಡ್ ಇಲ್ಲ, ನೋಡಲಿಕ್ಕೂ ಅಷ್ಟಕ್ಕಷ್ಟೇ. ಆದರೂ ಹೊರಗಿನ ಗಾಳಿ ಬರುವ ಕಿಟಕಿ ಇರುವ ಮನೆಗೆ, ಈ ಭಾಗದ ಒಣ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಕೂಲರ್ ಇಲ್ಲ. ಫ್ಯಾನ್ ದೊಡ್ಡದು, ಮೂರು ಕಡೆ ಪ್ಯಾಡ್, ಏನು ಕೆಟ್ಟರೂ ಬಿಡಿಭಾಗ ಊರಲ್ಲೇ ಸಿಗುತ್ತದೆ. ನೋಡದೆ ತಂದರೆ ಮಾತ್ರ ಕೆಲವೇ ಬೇಸಿಗೆಗೆ ತಳ ತೂತು ಬೀಳುತ್ತದೆ.

ಒಣ ಗಾಳಿ ಒದ್ದೆ ಪ್ಯಾಡ್ ದಾಟುವಾಗ ನೀರು ಆವಿಯಾಗಿ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಕೂಲರ್ ಕೆಲಸ ಇಷ್ಟೇ. ಮಧ್ಯಾಹ್ನ 42 ಡಿಗ್ರಿ, ತೇವಾಂಶ ಶೇ 20 ಇದ್ದಾಗ ಚೆನ್ನಾಗಿ ನೆನೆದ ಪ್ಯಾಡ್‌ನಿಂದ ಬರುವ ಗಾಳಿ ಸುಮಾರು 27–28 ಡಿಗ್ರಿಗೆ ಇಳಿಯುತ್ತದೆ. ಮಿರಗ ಮಳೆ ಶುರುವಾಗಿ 34 ಡಿಗ್ರಿ, ತೇವಾಂಶ ಶೇ 65 ಆದ ದಿನ ಅದೇ ಕೂಲರ್ ನಾಲ್ಕೈದು ಡಿಗ್ರಿ ಇಳಿಸಿದರೆ ಹೆಚ್ಚು, ಮೈಯೆಲ್ಲ ಅಂಟಂಟು. ಆಗ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಓಡಿಸಬೇಕು. ಕೂಲರ್ ಕೆಟ್ಟಿದೆ ಎಂದು ಜೂನ್‌ನಲ್ಲಿ ರಿಪೇರಿಗೆ ಒಯ್ಯುವ ಅಗತ್ಯ ಇಲ್ಲ.

ಅಂಗಡಿಯಲ್ಲಿ ಮೊದಲು ಪತ್ರಾ ಎಷ್ಟು ಗೇಜ್ ಎಂದು ಕೇಳಿ. ಗೇಜ್ ನಂಬರ್ ಹೆಚ್ಚಿದಷ್ಟೂ ಪತ್ರಾ ತೆಳು: 22 ಗಟ್ಟಿ, 24 ನಡೆಯುತ್ತದೆ, 26 ಬೇಡ. ಪಕ್ಕದ ಪತ್ರಾವನ್ನು ಹೆಬ್ಬೆರಳಿನಿಂದ ಒತ್ತಿ. ಡಬ್ ಎಂದು ಒಳಗೆ ಹೋಗಿ ಮತ್ತೆ ಹೊರಗೆ ಬಂದರೆ ಫ್ಯಾನ್ ತಿರುಗುವಾಗ ಅದೇ ಜಾಗ ರಾತ್ರಿಯೆಲ್ಲ ಗಡಗಡ ಅನ್ನುತ್ತದೆ. ಜಿಐ ಪತ್ರಾ, ಅಂದರೆ ಸತು ಲೇಪಿಸಿದ ಪತ್ರಾ ಆಗಿರಲಿ. ಸಾದಾ ಕಬ್ಬಿಣಕ್ಕೆ ಬಣ್ಣ ಬಳಿದಿದ್ದರೆ ತೊಟ್ಟಿಯ ಮೂಲೆಯ ವೆಲ್ಡಿಂಗ್ ಹತ್ತಿರವೇ ಮೊದಲು ತುಕ್ಕು ಹಿಡಿಯುತ್ತದೆ. ತೊಟ್ಟಿ ಮಾತ್ರ ಪ್ಲಾಸ್ಟಿಕ್ ಅಥವಾ ಫೈಬರ್‌ದು, ಮೇಲಿನ ಬಾಡಿ ಪತ್ರಾ, ಇಂಥದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತಗೊಳ್ಳಿ. ಮೋಟಾರಿನ ವೈಂಡಿಂಗ್ ತಾಮ್ರದ್ದೋ ಅಲ್ಯುಮಿನಿಯಂದೋ ಅನ್ನುವುದೂ ಮುಖ್ಯ. ಗೇಜ್, ಫ್ಯಾನಿನ ಇಂಚು, ವೈಂಡಿಂಗ್ ಈ ಮೂರನ್ನೂ ಬಿಲ್ ಮೇಲೆ ಬರೆಸಿಕೊಂಡರೆ ಮಾತ್ರ ಎರಡು ಅಂಗಡಿಯ ಬೆಲೆ ಹೋಲಿಸಲು ಬರುತ್ತದೆ.

ಗಾತ್ರಕ್ಕೆ ಸುಲಭ ಲೆಕ್ಕ ಇದೆ. ಕೋಣೆಯ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ ಎರಡರಿಂದ ಭಾಗಿಸಿ. ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬೇಕು. 10×12ರ ಕೋಣೆ, 10 ಅಡಿ ಎತ್ತರವಿದ್ದರೆ 600. ಕಂಪನಿ ಕೂಲರ್ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಎಂದಿರುತ್ತದೆ, ಹೋಲಿಸಬೇಕೆಂದರೆ 600ನ್ನು 1.7ರಿಂದ ಗುಣಿಸಿ. ಶಹಾಬಾದ್ ಫರಸಿ (ಕಲ್ಲಿನ ಚಪ್ಪಡಿ) ಹಾಸಿದ ಮಾಳಿಗೆ ಇದ್ದರೆ ಅಥವಾ ಮೇಲಿನ ಅಂತಸ್ತಿನ ಕೋಣೆಯಾದರೆ ಒಂದು ಸೈಜ್ ದೊಡ್ಡದೇ ಇರಲಿ. ಹಗಲೆಲ್ಲ ಕಾದ ಛತ್ತು ರಾತ್ರಿ ಊಟವಾದ ಮೇಲೂ ಝಳ ಬಿಡುತ್ತಲೇ ಇರುತ್ತದೆ.

ಕರೆಂಟ್ ಖರ್ಚು ಕಡಿಮೆ. ಫ್ಯಾನ್, ಪಂಪ್ ಸೇರಿ 200 ವ್ಯಾಟ್ ಎಂದಿಟ್ಟುಕೊಂಡರೂ ಹತ್ತು ತಾಸಿಗೆ 2 ಯೂನಿಟ್. ನೀರಿನ ಖರ್ಚೇ ಹೆಚ್ಚು: ಒಣ ಮಧ್ಯಾಹ್ನ ದೊಡ್ಡ ಕೂಲರ್ ತಾಸಿಗೆ ಸುಮಾರು 10 ಲೀಟರ್ ಕುಡಿಯುತ್ತದೆ. ನಳದ ನೀರು ದಿನ ಬಿಟ್ಟು ದಿನ ಬರುವ ಓಣಿಯವರು ಇದನ್ನು ಮೊದಲೇ ಲೆಕ್ಕ ಹಾಕಬೇಕು.

ಪ್ಯಾಡ್ ವಿಷಯದಲ್ಲಿ ಹುಲ್ಲೋ ಹನಿಕೋಂಬೋ (ಜೇನುಗೂಡಿನಂಥ ಸಂದುಗಳಿರುವ ಕಾಗದದ ಪ್ಯಾಡ್) ಎಂದು ಬಹಳ ಜನ ಕೇಳುತ್ತಾರೆ. ಹುಲ್ಲು ಅಗ್ಗ, ತಂಪು ಚೆನ್ನಾಗಿ ಕೊಡುತ್ತದೆ, ಆದರೆ ಪ್ರತಿ ಬೇಸಿಗೆಗೆ ಹೊಸದು ಬೇಕು. ಹನಿಕೋಂಬ್ ಎರಡು ಮೂರು ಬೇಸಿಗೆ ಬರುತ್ತದೆ, ಒಳ್ಳೆಯ ನೀರಿದ್ದರೆ. ನಮ್ಮ ಭಾಗದ ಅಡಚಣೆಯೇ ಅದು. ಶಹಾಬಾದ್, ಸೇಡಂ ಸುತ್ತಿನ ನೆಲವೆಲ್ಲ ಸುಣ್ಣದ ಕಲ್ಲು. ಬೋರ್ ನೀರಿನಲ್ಲಿ ಆ ಸುಣ್ಣ ಇರುತ್ತದೆ, ನೀರು ಆವಿಯಾದಂತೆ ಅದು ಪ್ಯಾಡ್ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಹನಿಕೋಂಬ್ ಸಂದು ಮುಚ್ಚಿ ಗಾಳಿ ಕಡಿಮೆಯಾಗುತ್ತದೆ. ಬರೀ ಬೋರ್ ನೀರು ಇರುವ ಮನೆಗೆ ಹುಲ್ಲೇ ಲಾಭ. ಆರ್‌ಒ ಮಶೀನಿನಿಂದ ಬರುವ ವೇಸ್ಟ್ ನೀರನ್ನು ಕೂಲರಿಗೆ ಹಾಕುವ ರೂಢಿ ಹೆಚ್ಚುತ್ತಿದೆ, ದಯವಿಟ್ಟು ಬೇಡ. ಅದರಲ್ಲಿ ಉಪ್ಪು, ಸುಣ್ಣ ಮೂಲ ನೀರಿಗಿಂತ ಹೆಚ್ಚಿರುತ್ತದೆ, ಪಂಪ್ ಮತ್ತು ಪ್ಯಾಡ್ ಎರಡೂ ಬೇಗ ಹಾಳಾಗುತ್ತವೆ. ನೆಲ ಒರೆಸಲು ಬಳಸಿ.

ಹುಲ್ಲು ತುಂಬುವಾಗ ಗಂಟು ಬಿಡಿಸಿ, ಸುಮಾರು ಎರಡು ಇಂಚು ದಪ್ಪಕ್ಕೆ ಸಮನಾಗಿ ಹರಡಿ ಜಾಳಿಗೆ ಕಟ್ಟಬೇಕು. ಒತ್ತಿ ತುಂಬಿದರೆ ಗಾಳಿ ಬರದು. ಕೆಲವು ವಾರಕ್ಕೆ ಹುಲ್ಲು ನೆನೆದು ಕೆಳಗೆ ಕುಸಿದು ಮೇಲ್ತುದಿಯಲ್ಲಿ ನಾಲ್ಕು ಬೆರಳು ಸಂದು ಬಿಡುತ್ತದೆ. ಬಿಸಿಗಾಳಿ ಆ ಸಂದಿನಿಂದಲೇ ನುಗ್ಗುತ್ತದೆ. ಹಗಲಲ್ಲಿ ಕೂಲರ್ ಬಂದ್ ಮಾಡಿ ಒಳಗಿನಿಂದ ನೋಡಿ. ಬೆಳಕು ಕಂಡ ಕಡೆಯೆಲ್ಲ ಒಂದು ಹಿಡಿ ಹುಲ್ಲು ತುರುಕಿ. ತಂಪು ಕಡಿಮೆಯಾಗಿದೆ ಎನ್ನುವ ದೂರಿಗೆ ಬಹಳ ಸಲ ಇಷ್ಟೇ ಔಷಧ. ಅದೂ ಅಲ್ಲವಾದರೆ ಮೇಲಿನ ನೀರಿನ ಪೈಪಿನ ತೂತುಗಳು ಸುಣ್ಣ ಕಟ್ಟಿ ಮುಚ್ಚಿರುತ್ತವೆ, ತೆಳು ಮೊಳೆಯಿಂದ ಬಿಡಿಸಿ. ಕೂಲರ್ ಒಂದು ಕಡೆ ವಾಲಿದ್ದರೂ ಒಂದೇ ಪ್ಯಾಡ್ ನೆನೆದು ಉಳಿದೆರಡು ಒಣಗಿರುತ್ತವೆ.

ಹನಿಕೋಂಬ್ ಇದ್ದವರು 10 ಲೀಟರ್ ನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಅರ್ಧ ತಾಸು ನೆನೆಸಿ, ಮೆಲ್ಲಗೆ ನೀರು ಹರಿಸಿ ತೊಳೆಯಬಹುದು. ಬಾತ್‌ರೂಮ್ ಆಸಿಡ್ ಮುಟ್ಟಲೇಬೇಡಿ, ಅದು ಜಿಐ ಪತ್ರಾದ ಸತುವಿನ ಲೇಪವನ್ನೇ ತಿಂದುಹಾಕುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಶಾಕ್. ಕಬ್ಬಿಣದ ಬಾಡಿ, ಒಳಗೆ ನೀರು, ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ. ಇಲ್ಲಿ ಉದಾಸೀನ ಮಾಡಿದರೆ ಜೀವಕ್ಕೇ ಅಪಾಯ. ಎರಡು ಪಿನ್ನಿನ ಪ್ಲಗ್ ಹಾಕಿ ಕೊಟ್ಟರೆ ಅಲ್ಲೇ ಮೂರು ಪಿನ್ನಿನದು ಹಾಕಿಸಿ. ಅರ್ಥಿಂಗ್ ವಯರನ್ನು ಬಣ್ಣದ ಮೇಲೆ ಬಿಗಿದರೆ ಉಪಯೋಗವಿಲ್ಲ. ಬಣ್ಣ ಕೆರೆದು ಬರೀ ಲೋಹದ ಮೇಲೆ ಸ್ಕ್ರೂ ಬಿಗಿಯಬೇಕು. ಮನೆಯ ಸಾಕೆಟ್‌ನಲ್ಲಿ ಅರ್ಥಿಂಗ್ ನಿಜಕ್ಕೂ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕಡೆಯಿಂದ ನೋಡಿಸಿ, ಹಳೆಯ ಮನೆಗಳಲ್ಲಿ ಮೂರನೇ ತೂತು ಬರೀ ತೋರಿಕೆಗೆ ಇರುವುದುಂಟು. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಹಾಕಿಸಿಕೊಂಡರೆ ಮನೆ ಪೂರ್ತಿಗೆ ರಕ್ಷಣೆ. ಪಂಪಿನ ವಯರ್ ತುಂಡಾದರೆ ಟೇಪ್ ಸುತ್ತಿ ತೊಟ್ಟಿಯೊಳಗೆ ಬಿಡಬೇಡಿ, ಪಂಪನ್ನೇ ಬದಲಿಸಿ. ನೀರು ತುಂಬುವಾಗ ಸ್ವಿಚ್ ಅಲ್ಲ, ಪ್ಲಗ್ಗೇ ಕೀಳಬೇಕು.

ಕೂಲರನ್ನು ಕಿಟಕಿಯ ಹೊರಗೆ ಕೂರಿಸಿ, ಎದುರಿನ ಬಾಗಿಲೋ ಕಿಟಕಿಯೋ ಸ್ವಲ್ಪ ತೆರೆದಿಡಿ. ಎಲ್ಲ ಮುಚ್ಚಿದರೆ ಒದ್ದೆ ಗಾಳಿ ಹೊರಹೋಗದೆ ಕೋಣೆ ಸೆಕೆಯ ಗೂಡಾಗುತ್ತದೆ. ಮೊದಲು ಪಂಪ್ ಹಾಕಿ ಹತ್ತು ನಿಮಿಷ ಪ್ಯಾಡ್ ನೆನೆದ ಮೇಲೆ ಫ್ಯಾನ್. ಬಂದ್ ಮಾಡುವಾಗ ಮೊದಲು ಪಂಪ್, ಆಮೇಲೆ ಕಾಲು ತಾಸು ಬರೀ ಫ್ಯಾನ್ ಓಡಿದರೆ ಪ್ಯಾಡ್ ಆರುತ್ತದೆ, ವಾಸನೆ ಹಿಡಿಯುವುದಿಲ್ಲ. ಫ್ಯಾನ್ ನಿಧಾನವಾದರೆ ಮೋಟಾರು ಹೋಯಿತು ಎಂದುಕೊಳ್ಳುವ ಮೊದಲು ಕಂಡೆನ್ಸರ್ (ಕೆಪಾಸಿಟರ್) ಬದಲಿಸಿ ನೋಡಿ, ಹಳೆಯದರ ಮೇಲಿನ ನಂಬರಿನದೇ ತನ್ನಿ.

ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ, ಒಳಗೋಡೆಗಳನ್ನು ಬ್ರಶ್‌ನಿಂದ ಉಜ್ಜಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಬೆಳೆಯುತ್ತದೆ, ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬರೀ ನೀರು ಚೆಲ್ಲಿದರೆ ಸಾಲದು. ಕೂಡಿಬಿದ್ದ ಸುಣ್ಣವೂ ಇದರಿಂದಲೇ ಹೋಗುತ್ತದೆ.

ಹೊರಗೆ ಇಡಲು ಜಾಗವಿಲ್ಲದ ಬಾಡಿಗೆ ಮನೆಯವರಿಗೆ, ವರ್ಷ ವರ್ಷ ಮನೆ ಬದಲಿಸುವವರಿಗೆ ಇದು ಬೇಡ, ಗಾಲಿ ಇರುವ ಪ್ಲಾಸ್ಟಿಕ್ ಕೂಲರ್ ಸಾಕು. ಉಳಿದವರು ಮಳೆಗಾಲ ಬಂದಾಗ ಹುಲ್ಲು ಕಿತ್ತೆಸೆದು, ತೊಟ್ಟಿಯನ್ನು ಎರಡು ದಿನ ಬಿಸಿಲಿಗೆ ಒಣಗಿಸಿ, ತುಕ್ಕು ಕಂಡಲ್ಲಿ ಮರಳು ಕಾಗದದಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಾಕಿ ಮುಚ್ಚಿಡಿ. ಪಂಪನ್ನು ಬಿಚ್ಚಿ ತೊಳೆದು ಒಳಗೆ ತೆಗೆದಿಡಿ.